ಮುಂದಿನದು ಅವನದು, ಹಿಂದಿನದು ನನ್ನದು

ಟೈರ್ ಅಂಗಡಿಯಲ್ಲಿ ಕುರ್ಚಿ ಇತ್ತು, ನಾನು ಕೂರಲಿಲ್ಲ. ಕೂತರೆ ಮೈಮೇಲೆ ಇರುವೆ ಹರಿದಂತಾಗುತ್ತದೆ ನನಗೆ. ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿ ದಿನವಿಡೀ ಮೈದಾನದಲ್ಲಿ ಓಡಾಡುವವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಅಪ್ಪ ನಗುತ್ತಿದ್ದ. ಅಣ್ಣ ಮಾತ್ರ ಕುರ್ಚಿಯಲ್ಲಿ ಆರಾಮಾಗಿ ಕೂತು, ಕನ್ನಡಕ ಒರೆಸಿಕೊಂಡು, ಟೈರಿಗೆ ಅಂಟಿಸಿದ್ದ ಚೀಟಿಯನ್ನು ಒಂದಕ್ಷರ ಬಿಡದೆ ಓದುತ್ತಿದ್ದ. ಅವನದು ಔಷಧಿ ಅಂಗಡಿ. ತಯಾರಾದ ದಿನಾಂಕ ನೋಡದೆ ಬಿಸ್ಕತ್ತನ್ನೂ ಬಾಯಿಗಿಡುವ ಪೈಕಿಯಲ್ಲ.

ಕಾರು ಅಪ್ಪನದು. ಬೂದು ಬಣ್ಣದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಅಪ್ಪ ಹೋದ ಮೇಲೆ ನಾವಿಬ್ಬರು ಎಲ್ಲವನ್ನೂ ಸಮಪಾಲು ಮಾಡಿಕೊಂಡೆವು. ಮನೆಯ ನಡುವೆ ಗೋಡೆ ಎದ್ದಿತು. ಆರು ಕುರ್ಚಿಗಳು ಮೂರು ಮೂರಾದವು. ಗೋಡೆ ಗಡಿಯಾರ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ನಿಘಂಟಿನ ಮೊದಲ ಸಂಪುಟ ಅವನಿಗೆ, ಎರಡನೆಯದು ನನಗೆ. ಹಾಗಾಗಿ ‘ಅಣ್ಣ’ ಅವನ ಮನೆಯಲ್ಲಿದೆ, ‘ತಂಗಿ’ ನನ್ನ ಮನೆಯಲ್ಲಿ. ಒಂದರ ಅರ್ಥ ಬೇಕಾದರೆ ಇನ್ನೊಬ್ಬರ ಬಾಗಿಲು ತಟ್ಟಬೇಕು.

ಕಾರೊಂದನ್ನು ಮಾತ್ರ ಕತ್ತರಿಸಲಾಗಲಿಲ್ಲ. ಬೆಸ ತಾರೀಖು ನನಗೆ, ಸಮ ತಾರೀಖು ಅವನಿಗೆ ಎಂದಾಯಿತು. ಮೂವತ್ತೊಂದೂ ಬೆಸ, ಮರುದಿನದ ಒಂದೂ ಬೆಸ, ಇದು ಅನ್ಯಾಯ ಎಂದು ಅಣ್ಣ ತಕರಾರು ತೆಗೆದ. ಕೊನೆಗೆ ಮೂವತ್ತೊಂದನ್ನು ಯಾರಿಗೂ ಸೇರದ ದಿನವೆಂದು ಮಾಡಿ, ಅವತ್ತು ಇಬ್ಬರೂ ಒಟ್ಟಿಗೆ ಹೋಗುವುದೆಂದುಕೊಂಡೆವು. ಹೋಗುವಾಗ ಅವನು ಓಡಿಸುತ್ತಿದ್ದ, ಬರುವಾಗ ನಾನು. ಅವನು ತಲೆಯ ಮೇಲೆ ತುಂಬಿದ ಕೊಡ ಹೊತ್ತವನಂತೆ ಓಡಿಸುತ್ತಿದ್ದ, ನಾನು ಉಗುರು ಕಚ್ಚುತ್ತಿದ್ದೆ. ನಾನು ಓಡಿಸುವಾಗ ಅವನು ಬಾಗಿಲ ಹಿಡಿ ಬಿಡುತ್ತಿರಲಿಲ್ಲ. ದಾರಿಯುದ್ದಕ್ಕೂ ಜಗಳ. ಆದರೂ ಕ್ಯಾಲೆಂಡರ್ ಬಂದ ಕೂಡಲೇ ನಾನು ಮೊದಲು ಹುಡುಕುತ್ತಿದ್ದುದು ಯಾವ ತಿಂಗಳಿಗೆ ಮೂವತ್ತೊಂದು ಇದೆ ಎಂಬುದನ್ನೇ. ಇದನ್ನು ಅವನಿಗೆ ಹೇಳಿರಲಿಲ್ಲ.

ಈಗ ಟೈರು ಸವೆದಿತ್ತು. ನನಗೆ ಬೇಕಾದದ್ದು ಮೆತ್ತನೆ ರಬ್ಬರಿನ ಸ್ಪೋರ್ಟ್ಸ್ ಟೈರು: ಬಿಸಿಯಾದರೆ ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಅವನಿಗೆ ಬೇಕಾದದ್ದು ವರ್ಷಗಟ್ಟಲೆ ಬಾಳುವ ಗಟ್ಟಿ ಟೈರು. ಎರಡು ವಾರ ಗೋಡೆಯ ಈಚೆ ಆಚೆ ಇದೇ ರಾಮಾಯಣ. ಕೊನೆಗೆ ಅಣ್ಣ, ಈ ತಿಂಗಳ ಮೂವತ್ತೊಂದರೊಳಗೆ ತೀರ್ಮಾನವಾಗದಿದ್ದರೆ ಕಾರು ಮಾರಿಬಿಡೋಣ ಎಂದ. ಬೀದಿ ಮೂಲೆಯ ಹಲ್ಲಿನ ಡಾಕ್ಟರು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದರು. ಅವರು ಬಂದು ಬಾನೆಟ್ ಸವರಿ ಹೋದ ಕೂಡಲೇ ನಾನು ಅದನ್ನು ಬಟ್ಟೆಯಿಂದ ಒರೆಸಿದ್ದೆ.

ಆ ಮೂವತ್ತೊಂದೇ ಬಂದುಬಿಟ್ಟಿತ್ತು. ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಶತಪಥ ಹಾಕುತ್ತಿದ್ದವಳು ತಟ್ಟನೆ ನಿಂತು ಅಂದೆ:

“ಮುಂದಿನ ಎರಡು ನಿಂದು, ಹಿಂದಿನ ಎರಡು ನಂದು.”

ಅಣ್ಣನ ಮುಖ ಅರಳಿತು. ಸಮಪಾಲು ಎಂದರೆ ಅವನಿಗೂ ಪ್ರಾಣ. ಅಂಗಡಿಯ ಮೇಸ್ತ್ರಿ ಬೇಡವೆಂದ. ನಾಲ್ಕೂ ಒಂದೇ ಥರದ್ದಿರಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಕಾರು ಮಾತು ಕೇಳುವುದಿಲ್ಲ ಎಂದ. ನಡುವಿನ ರ‍್ಯಾಕಿನಲ್ಲಿದ್ದ ತೀರಾ ಮೆತ್ತಗೂ ಅಲ್ಲದ, ತೀರಾ ಗಟ್ಟಿಯೂ ಅಲ್ಲದ ಮೂರನೆಯ ಬಗೆಯ ಟೈರನ್ನೂ ತೋರಿಸಿದ. ನಾವಿಬ್ಬರೂ ಅದರತ್ತ ತಿರುಗಿ ನೋಡಲಿಲ್ಲ. ಅದರಲ್ಲಿ ಯಾರೂ ಗೆದ್ದಂತಾಗುತ್ತಿರಲಿಲ್ಲ. ಯಾವುದಕ್ಕೂ ಒಂದಾಗದ ಅಣ್ಣ ತಂಗಿ ಅವತ್ತು ಒಂದಾಗಿ ಮೇಸ್ತ್ರಿಯ ಮೇಲೆ ಬಿದ್ದೆವು. ಆಮೇಲೆ ನನ್ನನ್ನು ಅನ್ನಬೇಡಿ ಎಂದು ಅವನು ಜ್ಯಾಕ್ ಎಳೆದುಕೊಂಡ.

ವಾಪಸು ಬರುವಾಗ ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ಸಣ್ಣಗೆ ಮಳೆ ಹನಿದು ನಿಂತಿತ್ತು. ಎರಡು ವಾರದ ಕಿರಿಕಿರಿ ಕಾಲಿನಲ್ಲಿ ತುಂಬಿಕೊಂಡಿತ್ತೋ ಏನೋ, ಕಾಲು ತಾನಾಗಿ ಆಕ್ಸಿಲರೇಟರ್ ಅದುಮಿತು. ನೀರಿನ ಟ್ಯಾಂಕಿನ ಪಕ್ಕದ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದೆ. ಕಾರು ತಿರುಗಲಿಲ್ಲ. ಚಕ್ರ ಎಡಕ್ಕೆ ನೋಡುತ್ತಿತ್ತು, ಕಾರು ನೇರ ಹೋಗುತ್ತಿತ್ತು. ಪಕ್ಕದಿಂದ ಅಣ್ಣನ ಕೈ ನನ್ನ ಎದೆಗೆ ಅಡ್ಡ ಬಂತು, ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಬರುತ್ತಿದ್ದಂತೆ. ಯಾರೋ ಮನೆ ಕಟ್ಟಲು ರಾಶಿ ಹಾಕಿದ್ದ ಮರಳಿಗೆ ಕಾರು ಮೂತಿ ತೂರಿಸಿ ನಿಂತಿತು.

ಇಬ್ಬರಿಗೂ ಏನೂ ಆಗಲಿಲ್ಲ. ಅಣ್ಣ ಇಳಿದು, ಕನ್ನಡಕ ಹುಡುಕಿ ಹಾಕಿಕೊಂಡು, ಮೊದಲು ಮುಂದಿನ ಟೈರು ನೋಡಿದ, ಆಮೇಲೆ ಹಿಂದಿನದು.

“ನನ್ನ ಅರ್ಧ ತಿರುಗ್ಲಿಲ್ಲ. ನಿನ್ನ ಅರ್ಧ ನೂಕೋದು ಬಿಡ್ಲಿಲ್ಲ.”

ಬೈಯುತ್ತಾನೆಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ಎಸೆದು ಹಗುರಾಗುತ್ತಿದ್ದೆ. ಅವನು ಮರಳಿನ ಮೇಲೆ ಕೂತು, ಚಪ್ಪಲಿ ಬಿಚ್ಚಿ ಮರಳು ಕೊಡವಿದ.

“ಕಾರು ನೀನೇ ಇಟ್ಕೊ,” ಅಂದ. “ಮಾರೋದು ಬೇಡ. ನಾಲ್ಕೂ ನಿಂಗೆ ಬೇಕಾದ್ದೇ ಹಾಕಿಸ್ಕೊ. ಎಲ್ಲ ತಾರೀಖೂ ನಿಂದೇ.”

“ಮೂವತ್ತೊಂದು?”

“ಅದೂ ನಿಂದೇ.”

ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹಾಸಿಗೆಯಿಂದ ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ ಓಡಾಡಿದೆ. ಕೇಳಿದ್ದೆಲ್ಲ ಸಿಕ್ಕಿತ್ತು. ಗೋಡೆಯಾಚೆ ಅವನು ಕೆಮ್ಮಿದ್ದು ಕೇಳಿಸಿತು. ಕೆಮ್ಮಿಗೆ ಏನು ತೆಗೆದುಕೊಂಡೆ ಎಂದು ಅವನನ್ನು ಕೇಳಬೇಕೆನಿಸಿತು; ಔಷಧಿ ಅಂಗಡಿಯವನಿಗೆ ಅದನ್ನು ಕೇಳುವುದೆಂತು ಎಂದು ಮತ್ತೆ ಅಡುಗೆಮನೆಗೆ ನಡೆದೆ.

ಬೆಳಿಗ್ಗೆ ಕಾರನ್ನು ಬೈಸಿಕಲ್ಲಿನ ವೇಗದಲ್ಲಿ ಅಂಗಡಿಗೆ ಒಯ್ದೆ. ಮೇಸ್ತ್ರಿ ಬಂಪರಿನ ಸಂದಿಯಲ್ಲಿದ್ದ ಮರಳನ್ನು ಬೆರಳಿನಿಂದ ಕೆರೆದು ತೆಗೆದ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿ, ಯಾವುದು ಹಾಕಲಿ ಎಂದ. ಎದುರಿಗೆ ಮೂರೂ ಬಗೆ ಇದ್ದವು. ಬೇಡ ಎನ್ನುವವರು ಯಾರೂ ಪಕ್ಕದಲ್ಲಿರಲಿಲ್ಲ. ಏನು ಬೇಕೆಂದು ನನಗೆ ಗೊತ್ತಾಗಲೇ ಇಲ್ಲ. ಹತ್ತು ಸಲ ರ‍್ಯಾಕು ಸುತ್ತಿದೆ. ಕೊನೆಗೆ ಅಣ್ಣನಿಗೆ ಫೋನ್ ಮಾಡಿದೆ.

“ಯಾವುದು ಹಾಕ್ಲಿ ಅಂತ ಕೇಳ್ತಿದಾರೆ.”

“ನಿನ್ನಿಷ್ಟ.”

ಈ ಒಂದು ಮಾತಿಗಾಗಿ ನಾನು ಹುಟ್ಟಿದಾಗಿನಿಂದ ಅವನೊಡನೆ ಜಗಳವಾಡಿದ್ದೆ. ಅದು ಕೈಗೆ ಬಂದಾಗ ಅಳು ಬಂತು.

“ನನ್ನಿಷ್ಟಕ್ಕೆ ಬಿಟ್ರೆ ಅದೇ ಮೆತ್ತನೇದು ಹಾಕಿಸ್ತೀನಿ ಅಣ್ಣ. ಪಕ್ಕದಲ್ಲಿ ಬೈಯೋಕೆ ಯಾರೂ ಇರಲ್ಲ. ಮುಂದಿನ ತಿರುವಲ್ಲಿ ಮರಳೂ ಇರಲ್ಲ.”

ಅವನ ಅಂಗಡಿಯಲ್ಲಿ ಯಾರೋ ತಲೆನೋವಿನ ಮಾತ್ರೆ ಕೇಳುತ್ತಿದ್ದರು.

“ನಟ್ಟು ಬಿಚ್ಚಿಸ್ಬೇಡ,” ಎಂದ ಕೊನೆಗೆ. “ಬರ್ತೀನಿ.”

ಬಂದವನೇ ಕುರ್ಚಿ ಎಳೆದುಕೊಂಡು ಮೂರನೆಯ ಟೈರಿನ ಚೀಟಿ ಓದಲು ಕೂತ. ಒದ್ದೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ ಎಂದ. ಸದ್ದು ಮಾಡುತ್ತದಂತೆ ಎಂದೆ. ನೀನು ಮಾಡುವಷ್ಟಿರಲಿಕ್ಕಿಲ್ಲ ಎಂದ. ಸದ್ಯ, ಜಗಳ ಹತ್ತಿಕೊಂಡಿತು. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಚಹಾ ಕುಡಿದು ಬಂದರೂ ಮುಗಿದಿರಲಿಲ್ಲ. ನಾಲ್ಕೂ ಇದೇ ತಾನೆ ಎಂದು ಅವನು ಹೆದರುತ್ತಾ ಕೇಳಿದ. ನಾಲ್ಕೂ ಎಂದು ಇಬ್ಬರೂ ಒಟ್ಟಿಗೆ ಅಂದೆವು.

ಹೊಸ ಟೈರಿನ ಮೇಲ್ಮೈ ಜಾರುತ್ತದೆ, ಸ್ವಲ್ಪ ದಿನ ಜೋಪಾನ ಎಂದು ಮೇಸ್ತ್ರಿ ಹೇಳಿ ಕಳಿಸಿದ. ನಾನು ಹೋಗಿ ಪಕ್ಕದ ಸೀಟಿನಲ್ಲಿ ಕೂತೆ. ಅಣ್ಣ ಬಾಗಿಲು ಹಿಡಿದು ನಿಂತೇ ಇದ್ದ.

“ಇವತ್ತು ಒಂದನೇ ತಾರೀಖು,” ಎಂದ. “ನಿನ್ನ ದಿನ.”

“ಗೊತ್ತು,” ಎಂದು ಬೆಲ್ಟ್ ಎಳೆದುಕೊಂಡೆ. “ಹತ್ತಿ ಕೂತ್ಕೊ. ನಿಧಾನಕ್ಕೆ ಓಡಿಸು.”