ಏಳನೆಯ ದಿನದ ಪರೀಕ್ಷೆ

ಇಸ್ತ್ರಿ ಅಂಗಡಿಯ ಯಜಮಾನಿ ವಾರದ ಆರು ದಿನ ಊರವರ ಬಟ್ಟೆಯ ಸುಕ್ಕು ಬಿಡಿಸಿ, ಭಾನುವಾರ ಬೈಬಲ್ಲಿನ ಸುಕ್ಕು ಬಿಡಿಸಲು ಕೂರುತ್ತಿದ್ದಳು. ಅವಳದು ದೂರಶಿಕ್ಷಣದ ಡಾಕ್ಟರೇಟ್. ವಿಷಯ, ಏಳನೆಯ ದಿನದ ವಿಶ್ರಾಂತಿ.

“ದೇವರು ಆರೇ ದಿನದಲ್ಲಿ ಲೋಕಾನೇ ಮಾಡಿ, ಏಳನೇ ದಿನ ಕೈಕಾಲು ಚಾಚಿದ. ನೀನು ಆರು ವರ್ಷದಿಂದ ಆ ಒಂದು ದಿನದ ಬಗ್ಗೆ ಬರೀತಾನೇ ಇದೀಯ,” ಎಂದು ಅತ್ತೆ ಸೋಫಾದಿಂದಲೇ ಗೊಣಗುತ್ತಿದ್ದರು.

ಕೊನೆಯ ಮೌಖಿಕ ಪರೀಕ್ಷೆಯೂ ಭಾನುವಾರಕ್ಕೇ ಬಿತ್ತು. ಸೊಸೆ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಉಸಿರೆತ್ತಬೇಡಿ ಎಂದು ಅತ್ತೆಗೆ ಕೈಮುಗಿದು ಕೂತಳು. ಪರದೆಯಲ್ಲಿ ಪ್ರೊಫೆಸರರ ಮುಖ ಮೂಡಿತು. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಕಾಫಿ ಲೋಟ.

“ವಿಶ್ರಾಂತಿಯ ದಿನ ಏನು ಮಾಡ್ಬಾರ್ದಮ್ಮ?”

“ಯಾವ ಕೆಲ್ಸಾನೂ ಮಾಡ್ಬಾರ್ದು ಸಾರ್.”

“ಮತ್ತೆ ಈ ಪ್ರಬಂಧ ಬರೆದಿದ್ದು ಯಾವಾಗ?”

ಅವಳ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. “ಭಾನುವಾರ. ಪರೀಕ್ಷೆಗೆ ಇವತ್ತೇ ಬಾ ಅಂದಿದ್ದು ನೀವೇ ಅಲ್ವಾ ಸಾರ್?”

ಪ್ರೊಫೆಸರ್ ತಡವರಿಸಿದರು. “ಉಳಿದ ದಿನ ಪುರುಸೊತ್ತಿಲ್ಲಮ್ಮ.”

ಅತ್ತೆಗೆ ತಡೆಯಲಾಗಲಿಲ್ಲ. ದಡಬಡನೆ ಎದ್ದು ಬಂದು ಪರದೆಗೆ ಮುಖ ತೂರಿಸಿದರು. “ಇಷ್ಟು ಓದಿದ್ದೆಲ್ಲ ನೀರಲ್ಲಿ ಹೋಮ! ಇಬ್ರೂ ಫೇಲ್. ಆ ಲ್ಯಾಪ್‌ಟಾಪ್ ಮುಚ್ಚಿ ಹೋಗಿ ಮಲಗ್ರೀ!”

ಸೊಸೆ ಕಣ್ಣು ಮುಚ್ಚಿಕೊಂಡಳು. ಆರು ವರ್ಷದ ದುಡಿಮೆ ಮಣ್ಣುಪಾಲಾಯಿತು ಎಂದುಕೊಂಡಳು.

ಪ್ರೊಫೆಸರ್ ಕಾಫಿ ಲೋಟ ಕೆಳಗಿಟ್ಟು, ಬೈಸಿಕೊಂಡ ಹುಡುಗನಂತೆ ತಲೆಯಾಡಿಸಿದರು.

“ಸರಿಯಮ್ಮ. ಪಾಸಾಗಿದಾಳೆ ಅಂತ ನಾಳೆ ಹೇಳ್ತೀನಿ.”