ಹೆಸರಿನ ನುಡಿ

ರೂಪಾಲಿಯ ಕೈಯಲ್ಲಿದ್ದ ಚರ್ಮವಾದ್ಯ ದಪ್ಪನ್ನು ಆಬಾಸಾಹೇಬ ಕಾಕಾ ಹೊಸ್ತಿಲಲ್ಲೇ ಹಿಡಿದುಕೊಂಡರು. ಅವರು ಎಳೆದರು, ಆಕೆ ಬಿಡಲಿಲ್ಲ. ಒಳಗೆ ಗೋಡೆಗೆ ಒರಗಿಸಿ ಕೂಡಿಸಿದ್ದ ಬಾಳಕ್ಕನ ಹೆಣದ ಮುಂದೆ ಭಜನೆಯವರು ತಾಳ ನಿಲ್ಲಿಸಿ ಕತ್ತು ಉದ್ದ ಮಾಡಿದರು. ಸತ್ತವರ ಮನೆಯಲ್ಲಿ ಜಗಳ ನೋಡಲು ಯಾರಿಗೂ ಬೇಸರವಿಲ್ಲ.

"ಇದು ಲಿಂಗವಂತರ ಮನಿ. ಇಲ್ಲಿ ಭಜನಿ ನಡದೈತಿ. ಗೀಗೀ ಹಾಡೂದಿದ್ರ ಬಾಜಾರದಾಗ ಹಾಡ್ಕೋ ಹೋಗು," ಎಂದರು ಕಾಕಾ. ಬಾಳಕ್ಕನ ಗಂಡನ ತಮ್ಮ ಅವರು. ಅಣ್ಣ ಹೋದ ಮೇಲೆ ಮನೆಯ ಮರ್ಯಾದೆಯನ್ನೆಲ್ಲ ಒಬ್ಬರೇ ಹೊತ್ತುಕೊಂಡಿದ್ದರು, ಯಾರೂ ಹೊರಿಸಿರಲಿಲ್ಲ.

ಬಾಳಕ್ಕನ ಮಗಳು ರುತುಜಾ ತಾಯಿಯ ಮಗ್ಗುಲಿಂದ ಎದ್ದು ಬಂದಳು. ಬೆಳಗಿನಿಂದ ಅತ್ತು ಮುಖ ಬಾತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ಆಕೀನ್ನ ನಾನ ಕರಸೇನಿ, ಕಾಕಾ. ಅವ್ವ ಕಟ್ಟಿದ ಕಡೀ ಹಾಡು ಅವ್ವನ ಮುಂದ ಆಗಬೇಕು. ಅವ್ವನ ಹೆಸರ ಹಚ್ಚೇ ಆಗಬೇಕು."

ಅಂಗಳದಲ್ಲಿ ಗುಸುಗುಸು ಎದ್ದಿತು. ಅವಳ ಅಣ್ಣ ಸುಮಿತ, ಗಡಹಿಂಗ್ಲಜ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ಬಂದ ಗಿರಾಕಿಗಳ ಮುಖ ನೋಡಿ ತಲೆ ತಗ್ಗಿಸಿದ. "ರುತು, ಜನ ಬಂದಾರವ್ವ. ಇವತ್ತೊಂದ ದಿನ ಸುಮ್ಮ ಇರು," ಎಂದ.

"ಅವ್ವ ದಿನಾ ಸುಮ್ಮ ಇದ್ದಳು. ಇವತ್ತೊಂದ ದಿನ ಬ್ಯಾಡ."

ಆ ಸೀಮೆಯಲ್ಲಿ ಗೀಗೀ ಹಾಡೆಂದರೆ ಎರಡು ಮೇಳಗಳ ಜಿದ್ದು. ಗಂಡು ದೊಡ್ಡದೆಂದು ಹಾಡುವವರು ಹರದೇಶಿಯವರು, ಹೆಣ್ಣು ದೊಡ್ಡದೆಂದು ಹಾಡುವವರು ನಾಗೇಶಿಯವರು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಹಾಡಿನ ಕಡೆಯ ನುಡಿಯಲ್ಲಿ ಕಟ್ಟಿದವರ ಊರೂ ಹೆಸರೂ ಬರಬೇಕು. ನಾಗೇಶಿ ಮೇಳದ ರೂಪಾಲಿಯ ಹಾಡುಗಳೆಲ್ಲ 'ಗಡಹಿಂಗ್ಲಜ ರೂಪಾಲಿ' ಎಂದೇ ಮುಗಿಯುತ್ತಿದ್ದವು. ಬಳೆ ಅಂಗಡಿಯ ರೂಪಾಲಿಗೆ ದೇವರು ಕಂಠ ಕೊಟ್ಟಿದ್ದ, ನಿಜ. ಆದರೆ ಒಂದು ಸಾಲು ಕಟ್ಟುವುದೂ ಆಕೆಗೆ ಬರುತ್ತಿರಲಿಲ್ಲ. ಕಟ್ಟುತ್ತಿದ್ದವಳು ಬಾಳಕ್ಕ. ಬಳೆ ಇಡಿಸಿಕೊಳ್ಳುವ ನೆಪದಲ್ಲಿ ಹೋಗಿ ಹಾಡು ಕೊಟ್ಟು ಬರುತ್ತಿದ್ದಳು. ಆಕೆಯಷ್ಟು ಬಳೆ ಒಡೆದುಕೊಂಡವರು ಊರಲ್ಲಿ ಇರಲಿಲ್ಲ.

*

ಹಿಂದಿನ ದಿನವಷ್ಟೇ ರುತುಜಾ ಇಚಲಕರಂಜಿಯಲ್ಲಿ ತನ್ನ ಹೊಲಿಗೆ ಅಂಗಡಿ ಮುಚ್ಚಿ ತವರಿಗೆ ಬಂದಿದ್ದಳು. ಅವ್ವನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಪೇಟೆ ಸುತ್ತಿದಳು. ಲೈಟ್ ಬಿಲ್ಲು ಕಟ್ಟಿದರು, ಮುರಿದ ಚಷ್ಮಾದ ಕಾಲು ಕೂಡಿಸಿಕೊಂಡರು, ಬಿಪಿ ಗುಳಿಗೆ ತಗೊಂಡರು. ಗಿರಣಿಯಲ್ಲಿ ಜೋಳ ಬೀಸುವ ತನಕ ಬಾಳಕ್ಕ ಡಬ್ಬಿಯ ಮೇಲೆ ಬೆರಳಿಂದ ತಾಳ ಹಾಕುತ್ತ ನಿಂತಿದ್ದಳು.

"ಏನ ನಡಿಸೀಯವ್ವ?"

"ಹರ ಕೈಲಾಸದಾಗ ಧ್ಯಾನಕ್ಕ ಕುಂತಾನಲ್ಲ, ಅವನ ಮನಿಗಿ ಹಿಟ್ಟ ಯಾರ ಬೀಸ್ಕೊಂಡ ಬರತಾರ? ಈಗ ತಲಿಗಿ ಬಂತು, ನೋಡು. ದತ್ತವಾಡ ಸಿದ್ರಾಮಗ ಇದನ್ನ ಕೇಳಬೇಕು!" ಎಂದು ಅವಳು ಹಿಟ್ಟು ಹಾರುವ ಗಾಳಿಯಲ್ಲೇ ನಕ್ಕು ಕೆಮ್ಮಿದಳು.

ಊಟವಾದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಬರೆದಳು. ಹೊಡೆದು ಹಾಕಿದಳು, ಮತ್ತೆ ಬರೆದಳು. ಸಂಜೆಗೆ ಹಳೆಯ ಟೇಪ್‌ರೆಕಾರ್ಡರ್ ಹಚ್ಚಿ, ಒಂದಾನೊಂದು ಕಾಲದ ಗೀಗೀ ಜಿದ್ದಿನ ಕ್ಯಾಸೆಟ್ ಹಾಕಿದಳು. ತಾನು ಕಟ್ಟಿದ ಸವಾಲಿಗೆ ಹರದೇಶಿಯ ಸಿದ್ರಾಮ ಉತ್ತರ ಸಿಗದೆ ತಡವರಿಸುವ ಜಾಗ ಬಂದಾಗಲೆಲ್ಲ ತೊಡೆ ತಟ್ಟಿದಳು. ಈ ಖುಷಿಗೆ ಆಕೆಗೆ ಯಾವ ಸೀರಿಯಲ್ಲೂ ಬೇಕಿರಲಿಲ್ಲ.

ರುತುಜಾ ಹಾಳೆಯ ಕಡೆಯ ನುಡಿ ಓದಿದಳು. "ಇಲ್ಲೂ ರೂಪಾಲೀನ ಐತಿ. ಒಮ್ಮೆರ ನಿನ್ನ ಹೆಸರ ಹಾಕವ್ವ."

"ನಾ ಇರೂತನಕ ಈ ಮನೀ ಹೆಸರು ದಪ್ಪಿನ ಮ್ಯಾಲ ಬರಾಂಗಿಲ್ಲ ಅಂತ ನಿಮ್ಮಪ್ಪಗ ಮಾತ ಕೊಟ್ಟೀನಿ. ಕಾಕಾನ ಮುಂದನ ಕೊಟ್ಟೀನಿ."

"ಅಪ್ಪ ಹೋಗಿ ಎಷ್ಟ ವರ್ಷಾತು!"

"ಅಂವಾ ಹೋಗ್ಯಾನ. ನಾ ಇದ್ದೀನಲ್ಲ," ಎಂದು ಬಾಳಕ್ಕ ಕ್ಯಾಸೆಟ್ಟಿನ ಮಗ್ಗುಲು ಬದಲಿಸಿದಳು. ಮರುದಿನ ಬೆಳಿಗ್ಗೆ ಆಕೆ ಏಳಲಿಲ್ಲ.

*

"ವೈನಿ ನಮ್ಮಣ್ಣಗ ಮಾತ ಕೊಟ್ಟಾಳ. ನಾನ ಸಾಕ್ಷಿ ಅದೀನಿ," ಎಂದು ಕಾಕಾ ಎಲ್ಲರಿಗೂ ಕೇಳುವಂತೆ ಹೇಳಿದರು.

"ಏನಂತ ಕೊಟ್ಟಾಳ್ರಿ? ಪೂರ್ತಿ ಹೇಳ್ರಿ."

"ನಾ ಇರೂತನಕ ಹೆಸರ ಬರಾಂಗಿಲ್ಲ ಅಂತ."

"ಹೌದ್ರಿ. ಇರೂತನಕ." ರುತುಜಾ ಒಳಗೆ ಕೈ ತೋರಿಸಿದಳು. "ಈಗ ಇದ್ದಾಳೇನ್ರಿ? ಇದ್ರ ತೋರಸ್ರಿ ಕಾಕಾ. ನಾ ಕಾಲಿಗಿ ಬಿದ್ದ ಸುಮ್ಮ ಆಗತೇನಿ."

ಕಾಕಾ ಒಳಗೆ ನೋಡಿದರು. ಹಣೆ ತುಂಬ ವಿಭೂತಿ ಬಳಿಸಿಕೊಂಡು, ಕೂಡಿಸಿದ ಹಾಗೆ ಕುಳಿತಿದ್ದ ವೈನಿಯನ್ನು ನೋಡಿದರು. ದಪ್ಪು ಹಿಡಿದಿದ್ದ ಅವರ ಕೈ ತಾನಾಗಿ ಸಡಿಲವಾಯಿತು. ಅವ್ವ ಕೊಟ್ಟ ಮಾತನ್ನು ಕಡೆಯ ಉಸಿರಿನ ತನಕ ನಡೆಸಿದ್ದಳು. ಅದಕ್ಕಿಂತ ಮುಂದೆ ಅದನ್ನು ಎಳೆಯಲು ರುತುಜಾ ತಯಾರಿರಲಿಲ್ಲ.

ಅಷ್ಟರಲ್ಲಿ ಅಂಗಳಕ್ಕೆ ಪಟಗಾ ಸುತ್ತಿದ ಮುದುಕನೊಬ್ಬ ಕೋಲೂರಿಕೊಂಡು ಬಂದ. ಹರದೇಶಿಯ ಸಿದ್ರಾಮ. ಎದುರಾಳಿ ಇಲ್ಲದೆ ಸವಾಲಿನ ಹಾಡು ಹಾಡಬಾರದೆಂದು ರೂಪಾಲಿಯೇ ಫೋನು ಮಾಡಿ ದತ್ತವಾಡದಿಂದ ಕರೆಸಿದ್ದಳು. ಇಷ್ಟು ಕಾಲ ತಾನು ಸೋತದ್ದು ರೂಪಾಲಿಗೆ ಎಂದೇ ಆತ ನಂಬಿದ್ದ.

"ಯಾರ್ರೀ ಇವರು?" ಎಂದ, ಬಾಳಕ್ಕನ ಕಡೆ ನೋಡಿ.

"ಹಾಡ ಮುಗೀಲಿ, ಹೇಳತೇವಿ," ಎಂದಳು ರುತುಜಾ.

ರೂಪಾಲಿ ದಪ್ಪು ಬಾರಿಸಿದಳು. ವಯಸ್ಸಾದರೂ ಕಂಠಕ್ಕೆ ತುಕ್ಕು ಹಿಡಿದಿರಲಿಲ್ಲ.

"ಹರ ಕಣ್ಣ ಮುಚ್ಚಿ ಕುಂತಾನ ಧ್ಯಾನಕ, ಭಾಳ ದೊಡ್ಡಾಂವ ಅಂತಿ ಹರದೇಶಿ
ಕಣ್ಣ ತೆರದಾಗ ಹಸಿವ್ಯಾದ್ರ ಹಿಟ್ಟ ತಂದಾಕಿ ಯಾರ ಹೇಳೋ ತಿಳಿಸಿ"

ಮೂಲೆಯಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅಳುವುದಕ್ಕೋ ನಗುವುದಕ್ಕೋ ಹೇಳುವಂತಿರಲಿಲ್ಲ. ಸಿದ್ರಾಮ ಗಡ್ಡ ತುರಿಸಿಕೊಂಡ. ಉತ್ತರ ಸಿಗದಾಗ ಅವನು ಮಾಡುತ್ತಿದ್ದುದೇ ಅದು.

ಕಡೆಯ ನುಡಿಗೆ ಬಂದಾಗ ರೂಪಾಲಿ ನಿಂತುಬಿಟ್ಟಳು. "ಇಷ್ಟ ದಿನ ನನ್ನ ಹೆಸರ್ಲೆ ಹಾಡೇನಿ. ಶಾಲ ಹೊಚ್ಚಿದ್ರ ಹೊಚ್ಚಿಗೊಂಡೇನಿ. ಬಾಳಕ್ಕ ಹಿಂದ ಚೀಲ ಹಿಡಕೊಂಡ ನಿಂತ ಚಪ್ಪಾಳಿ ಹೊಡಿಯೂದು ನೋಡೇನಿ. ಈ ನುಡಿ ನಂದಲ್ಲ," ಎಂದು ದಪ್ಪನ್ನು ರುತುಜಾಳ ಕೈಗಿಟ್ಟಳು.

ರುತುಜಾ ಎಂದೂ ಹಾಡಿದವಳಲ್ಲ. ಅವಳ ದನಿ ಒಡೆಯಿತು, ತಾಳ ತಪ್ಪಿತು, ಆದರೂ ನಿಲ್ಲಿಸಲಿಲ್ಲ.

"ಗಡಹಿಂಗ್ಲಜ ಊರ ಭಾಳ ಚಂದ, ಅಲ್ಲಿ ಬಾಳಕ್ಕ ಕಟ್ಟ್ಯಾಳ ಹಾಡಾ
ಉತ್ತರ ಇದ್ರ ಹೇಳೋ ಹರದೇಶಿ, ಇಲ್ಲಂದ್ರ ಸುಮ್ಮ ಕುಂತ ನೋಡಾ"

ನುಡಿ ಮುಗಿದಾಗ ಹಿಂದಿನಿಂದ 'ಗೀಯ ಗಾ ಗೀಯ' ಎಂದು ಸೊಲ್ಲು ಎತ್ತುವವರು ಬೇಕು. ರೂಪಾಲಿಯ ಮೇಳ ಚದುರಿ ಹೋಗಿ ಬಹಳ ಕಾಲವಾಗಿತ್ತು. ಭಜನೆಯವರು ಕಾಕಾನ ಮುಖ ನೋಡಿದರು. ರುತುಜಾ ಒಬ್ಬಳೇ ದಪ್ಪು ಬಾರಿಸುತ್ತ ನಿಂತಳು.

ಸೊಲ್ಲು ಎದ್ದದ್ದು ಸಿದ್ರಾಮನ ಗಂಟಲಿಂದ. ಹೆಣ್ಣು ದೊಡ್ಡದೆಂಬ ಹಾಡಿಗೆ ಹರದೇಶಿಯವನು ದನಿ ಕೂಡಿಸುವುದೆಂದರೆ ಮೇಳದಲ್ಲಿ ಅದಕ್ಕಿಂತ ದೊಡ್ಡ ಸೋಲಿಲ್ಲ. ಮುದುಕ ಕಣ್ಣೀರು ಒರೆಸಿಕೊಳ್ಳಲಿಲ್ಲ, ದನಿಯನ್ನೂ ಇಳಿಸಲಿಲ್ಲ. "ನನ್ನ ಸೋಲಸ್ದಾಕಿ ನೀನೇನವಾ?" ಎಂದು ಬಾಳಕ್ಕನಿಗೆ ಕೈಮುಗಿದು, ಮತ್ತೆ ಸೊಲ್ಲು ಹಿಡಿದ. ಒಬ್ಬೊಬ್ಬರಾಗಿ ಹೆಂಗಸರು ಕೂಡಿದರು. ಸುಮಿತನ ತುಟಿಯೂ ಅಲ್ಲಾಡಿತು.

ಬಾಳಕ್ಕನನ್ನು ಕೂಡಿಸಿದ ಬೊಂಬಿನ ವಿಮಾನ ಎತ್ತಿದಾಗ ರುತುಜಾ ಹೆಗಲು ಕೊಟ್ಟಳು. ಕಾಕಾ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಸಿದ್ರಾಮ ದಪ್ಪು ಹಿಡಿದು ಮುಂದೆ ನಡೆದ. ಪೇಟೆಯ ತಿರುವಿನಲ್ಲಿ ಚಹಾದ ಅಂಗಡಿಯವನು ಕಿಟ್ಲಿ ಕೆಳಗಿಟ್ಟು, "ಕೋಣ ಗೇಲಂ ಹೋ, ಆಬಾ?" ಎಂದು ಮರಾಠಿಯಲ್ಲಿ ಕೇಳಿದ.

ಹೋದವರು ಯಾರೆಂದು ಹೇಳಲು ಕಾಕಾ ಬಾಯಿ ತೆರೆದರು. "ಸುಮಿತನ ಅವ್ವ…" ಎನ್ನುವಷ್ಟರಲ್ಲಿ ರುತುಜಾ ಹೆಗಲಿನ ಬೊಂಬು ಸರಿಮಾಡಿಕೊಂಡು, ಹರಿದುಹೋದ ದನಿಯಲ್ಲೇ ಕಡೆಯ ನುಡಿಯನ್ನು ಮತ್ತೆ ಎತ್ತಿದಳು. ಸಿದ್ರಾಮ ದಪ್ಪನ್ನು ಅಂಗಡಿಯ ಕಡೆ ತಿರುಗಿಸಿದ.

"ಬಾಳಕ್ಕ ಅಂತ," ಎಂದು ಚಹಾದವ ಪಕ್ಕದ ಕಿರಾಣಿಯವನಿಗೆ ಹೇಳಿದ. "ಹಾಡ ಕಟ್ಟಾಕಿ." ಕಿರಾಣಿಯವನು ಮುಂದಿನ ಅಂಗಡಿಗೆ ಹೇಳಿದ. ವಿಮಾನ ನಿಧಾನ ನಡೆಯುತ್ತಿತ್ತು. ಬಾಳಕ್ಕನ ಹೆಸರು ಅಂಗಡಿಯಿಂದ ಅಂಗಡಿಗೆ ದಾಟಿ ಆಗಲೇ ಪೇಟೆಯ ಆ ಕೊನೆ ಮುಟ್ಟಿತ್ತು.