ಭಾವಮೈದುನನ ಜೇಬು

ನಾನಿರುವ ವಿಮಾನ ರಿಪೇರಿ ಶೆಡ್ಡು ದೊಡ್ಡದಾಗಿ ಊರಿಗೆಲ್ಲ ಕೆಲಸ ಸಿಕ್ಕಾಗ, ನನ್ನ ಒಂದೇ ಮಾತಿಗೆ ಭಾವಮೈದುನನೂ ಸ್ಕೂಟರ್ ಗ್ಯಾರೇಜು ಬಿಟ್ಟು ಸೇರಿಕೊಂಡ. ಹಾರುವ ವಿಮಾನದ ಸಡಿಲ ಬೋಲ್ಟನ್ನು ನೆಲದಿಂದಲೇ ಹಿಡಿಯುವ ನನ್ನ ಕಣ್ಣಿಗೆ ಅವನ ಜೇಬು ಜೋತುಬಿದ್ದದ್ದು ಕಂಡಿತು. ಕದ್ದನೇ? ಗೋಡೆಯ ಹಲಗೆಯಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರ ಬರೆದಿದೆ. ಕೆಲಸ ಮುಗಿದ ಮೇಲೆ ಒಂದು ಜಾಗ ಖಾಲಿಯಿದ್ದರೂ ವಿಮಾನ ಕದಲದು. ನೋಡಿದರೆ ಹಲಗೆ ಭರ್ತಿ! ಹಾಗಾದರೆ ಜೇಬಲ್ಲೇನು? ಅನುಮಾನ ಆನೆಯಷ್ಟಾಯಿತು.

"ತೆಗಿಯೋ ಮಹರಾಯ, ಏನದು?"

"ನನ್ನದೇ ಸ್ಪ್ಯಾನರ್, ಭಾವ. ಗ್ಯಾರೇಜಲ್ಲಿ ಸ್ವಂತದ್ದಿಲ್ಲದವನಿಗೆ ಕೆಲಸಾನೇ ಕೊಡಲ್ಲ."

"ಇಲ್ಲಿ ಸ್ವಂತದ್ದು ತಂದವನಿಗೇ ಕೆಲಸ ಹೋಗುತ್ತೆ! ನೀನದನ್ನು ಇಂಜಿನ್ನಲ್ಲಿ ಮರೆತುಬಿಟ್ಟರೆ ಹಲಗೆಗೆ ಗೊತ್ತಾಗುತ್ತಾ?"

ಹಿಂದೆಯೇ ನಿಂತಿದ್ದ ಶೆಡ್ಡಿನ ಮೇಸ್ತ್ರಿ ಕೇಳಿಸಿಕೊಂಡೇಬಿಟ್ಟರು. ಅವರು ಸ್ಪ್ಯಾನರ್ ಕಿತ್ತುಕೊಂಡು ಹಲಗೆಯ ಮೇಲಿಟ್ಟು ಸುತ್ತ ಗೆರೆ ಎಳೆದರು.

"ಇನ್ಮೇಲೆ ಇದರ ಮನೆ ಇದೇ. ನಡಿ ಕೆಲಸಕ್ಕೆ."

ಅವನು ಬದುಕಿಕೊಂಡ. ನಾನು ಮಾತ್ರ ಈಗ ಅವನ ಇನ್ನೊಂದು ಜೇಬನ್ನು ನೋಡುತ್ತಿದ್ದೇನೆ.